ಪಿಎಲ್‌ಡಿಯಲ್ಲಿ ಮೊದಲ ಫಿಲ್ಮ್ ಬೆಳೆಸೋರಿಗೆ: ದಾವಣಗೆರೆ-ದುರ್ಗದ ಎಂ.ಎಸ್ಸಿ, ಪಿಎಚ್‌ಡಿ ಹುಡುಗ್ರು ಓದ್ಲೇಬೇಕಾದ್ದು

ನಮ್ಮ ಕಡೆ ಫಿಸಿಕ್ಸ್ ಓದ್ತಿರೋ ಹುಡುಗ್ರಿಗೆ ಪಲ್ಸ್ಡ್ ಲೇಸರ್ ಡಿಪೊಸಿಷನ್ (ಪಿಎಲ್‌ಡಿ, ಲೇಸರ್ ಹೊಡೆದು ತೆಳು ಪದರ ಅಂದ್ರೆ ಫಿಲ್ಮ್ ಬೆಳೆಸೋ ವಿಧಾನ) ಅಂದ್ರೆ ಗೊತ್ತಿರ್ತದೆ, ಎಕ್ಸಾಮ್‌ನಲ್ಲಿ ಡಯಾಗ್ರಾಮ್ ಸಮೇತ ಬರೆದಿರ್ತಾರೆ, ಆದ್ರೆ ಮಷೀನ್ ಮುಂದೆ ನಿಲ್ಲೋ ಅವಕಾಶ ಬರೋದು ಬೆಂಗಳೂರಿಗೋ ಇಂದೋರಿಗೋ ಹೋದಾಗ, ಅದೂ ಒಂದೋ ಎರಡೋ ದಿನದ ಸ್ಲಾಟ್. ಆ ಸ್ಲಾಟ್ ಹಾಳಾಗಬಾರ್ದು ಅನ್ನೋದೇ ನನ್ನ ಆಸೆ. ಅದಕ್ಕೆ ಇದನ್ನ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಬರೀತಿದೀನಿ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಪೇಪರ್‌ನಲ್ಲಿ ಬರೆದಿರೋ ನಂಬರ್‌ಗಳನ್ನ ಹಂಗೇ ಎತ್ತಿಕೊಂಡು ಹೋಗಿ ಮಷೀನ್‌ಗೆ ಹಾಕಿದ್ರೆ ಅದೇ ಫಿಲ್ಮ್ ಬರಲ್ಲ. 750 ಡಿಗ್ರಿ ಅಂದ್ರೆ ಯಾರ ಥರ್ಮೋಕಪಲ್ ತೋರಿಸಿದ 750? 200 ಮಿಲಿಜೂಲ್ ಅಂದ್ರೆ ಎಲ್ಲಿ ಅಳೆದದ್ದು, ಲೇಸರ್ ಬಾಯಲ್ಲೋ ಟಾರ್ಗೆಟ್ ಮೇಲೋ? ನೀವೇ ಅಳೆದ ನಂಬರ್ ಮಾತ್ರ ನಿಮ್ಮದು. ಕೆಳಗೆ ಬರೆದಿರೋ ಎಲ್ಲಾ ಸ್ಟೆಪ್ಪೂ ಈ ಮಾತಿನ ಸುತ್ತಾನೇ ಇದಾವೆ.

ತತ್ವ ಎರಡು ಸಾಲಲ್ಲಿ ಹೇಳ್ತೀನಿ. ವ್ಯಾಕ್ಯೂಮ್ ಚೇಂಬರ್ ಒಳಗೆ ಸೆರಾಮಿಕ್ ಬಿಲ್ಲೆ ಇಡ್ತೀವಿ, ಅದೇ ಟಾರ್ಗೆಟ್. ಅದರ ಮೇಲೆ 20-25 ನ್ಯಾನೋಸೆಕೆಂಡಿನ ಯುವಿ ಲೇಸರ್ ಪಲ್ಸ್ ಬಿದ್ದಾಗ ಮೇಲಿನ ತೆಳು ಪದರ ಪ್ಲಾಸ್ಮಾ ಆಗಿ ಚಿಮ್ಮಿ, ಎದುರಿಗಿರೋ ಬಿಸಿ ಸಬ್‌ಸ್ಟ್ರೇಟ್ (ಫಿಲ್ಮ್‌ಗೆ ತಳವಾಗೋ ಹರಳಿನ ಚೂರು) ಮೇಲೆ ಕೂತು ಫಿಲ್ಮ್ ಆಗ್ತದೆ. 1965ರಲ್ಲೇ ಸ್ಮಿತ್ ಮತ್ತು ಟರ್ನರ್ ರೂಬಿ ಲೇಸರ್‌ನಲ್ಲಿ ಇದನ್ನ ಮಾಡಿ ತೋರಿಸಿದ್ರು, ಆದ್ರೆ ಲೋಕ ತಿರುಗಿ ನೋಡಿದ್ದು 1987ರಲ್ಲಿ, ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದವರೇ ಆದ ಟಿ. ವೆಂಕಟೇಶನ್ ಅವರ ತಂಡ ವೈಬಿಸಿಒ (ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್) ಸೂಪರ್‌ಕಂಡಕ್ಟರ್ ಫಿಲ್ಮ್ ಬೆಳೆಸಿದಾಗ. ಟಾರ್ಗೆಟ್‌ನಲ್ಲಿ ನಾಲ್ಕೈದು ಧಾತು ಯಾವ ಪ್ರಮಾಣದಲ್ಲಿ ಇದಾವೋ ಹೆಚ್ಚುಕಮ್ಮಿ ಅದೇ ಪ್ರಮಾಣ ಫಿಲ್ಮ್‌ಗೂ ಬರ್ತದೆ, ಆಕ್ಸೈಡ್ ಮಾಡೋರು ಈ ವಿಧಾನಕ್ಕೆ ಇಷ್ಟು ಅಂಟಿಕೊಂಡಿರೋದು ಇದಕ್ಕೇ.

ಯಾವ ಮೆಟೀರಿಯಲ್ ತಗೋಬೇಕು

ಮೊದಲ ಸಲಕ್ಕೆ ನಾನು ಹೇಳೋದು ಎಲ್‌ಎಸ್‌ಎಂಒ, ಅಂದ್ರೆ ಲ್ಯಾಂಥನಮ್ 0.7, ಸ್ಟ್ರಾನ್ಷಿಯಂ 0.3 ಇರೋ ಮ್ಯಾಂಗನೈಟ್ (ಮ್ಯಾಂಗನೀಸ್ ಆಕ್ಸೈಡ್). ಇದರ ಕ್ಯೂರಿ ತಾಪಮಾನ (ಅದು ದಾಟಿದ್ರೆ ಕಾಂತತ್ವ ಹೋಗೋ ತಾಪಮಾನ) ರೂಮ್ ಟೆಂಪರೇಚರ್‌ಗಿಂತ ಮೇಲೆ, ಬಲ್ಕ್‌ನಲ್ಲಿ ಸುಮಾರು 360-370 ಕೆಲ್ವಿನ್. ಹಂಗಾಗಿ ಫಿಲ್ಮ್ ಚೆನ್ನಾಗಿ ಬಂದಿದೆಯಾ ಇಲ್ವಾ ಅಂತ ನೋಡೋಕೆ ಹೀಲಿಯಂ ಕ್ರಯೋಸ್ಟಾಟ್ ಬೇಕಿಲ್ಲ, ವಾಪಸ್ ಊರಿಗೆ ತಂದು ನಿಮ್ಮ ಡಿಪಾರ್ಟ್‌ಮೆಂಟ್‌ನ ಫೋರ್ ಪ್ರೋಬ್ ಸೆಟಪ್‌ನಲ್ಲೇ (ನಾಲ್ಕು ಮೊನೆ ತಾಗಿಸಿ ರೆಸಿಸ್ಟೆನ್ಸ್ ಅಳೆಯೋದು) 120 ಡಿಗ್ರಿ ತನಕ ಬಿಸಿ ಮಾಡಿ ಅಳೀಬಹುದು. ಸಣ್ಣ ಲ್ಯಾಬ್ ಇರೋರಿಗೆ ಇದು ದೊಡ್ಡ ಅನುಕೂಲ ನೋಡ್ರಿ. ಸಬ್‌ಸ್ಟ್ರೇಟ್‌ಗೆ ಸ್ಟ್ರಾನ್ಷಿಯಂ ಟೈಟನೇಟ್ (001), 5×5 ಮಿಲಿಮೀಟರ್ ಸಾಕು. ಅದರ ಲ್ಯಾಟಿಸ್ (ಹರಳಿನಲ್ಲಿ ಪರಮಾಣು ಜೋಡಣೆ ಮತ್ತೆ ಮತ್ತೆ ಬರೋ ಅಂತರ) 3.905 ಆಂಗ್‌ಸ್ಟ್ರಾಮ್, ಎಲ್‌ಎಸ್‌ಎಂಒದ್ದು ಸುಮಾರು 3.88, ವ್ಯತ್ಯಾಸ ಒಂದು ಪರ್ಸೆಂಟ್‌ಗಿಂತ ಕಮ್ಮಿ, ಎಪಿಟಾಕ್ಸಿ, ಅಂದ್ರೆ ತಳದ ಹರಳಿನ ಜೋಡಣೆಯನ್ನೇ ಹಿಡಿದು ಫಿಲ್ಮ್ ಬೆಳೆಯೋದು, ಸಲೀಸಾಗಿ ಆಗ್ತದೆ.

ಟಾರ್ಗೆಟ್: ಊರಲ್ಲೇ ಮುಗಿಸಿಕೊಂಡು ಹೋಗಬೇಕಾದ ಕೆಲಸ

ಇದರ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಫಿಲ್ಮ್ ಕೆಟ್ಟಿದ್ದಕ್ಕೆ ಎಲ್ರೂ ಲೇಸರ್ ಕಡೆ ಬೆರಳು ತೋರಿಸ್ತಾರೆ, ಕಾರಣ ಎಷ್ಟೋ ಸಲ ಟಾರ್ಗೆಟ್‌ನಲ್ಲೇ ಇರ್ತದೆ.

10 ಗ್ರಾಂ ಎಲ್‌ಎಸ್‌ಎಂಒಗೆ ಲ್ಯಾಂಥನಮ್ ಆಕ್ಸೈಡ್ 5.036 ಗ್ರಾಂ, ಸ್ಟ್ರಾನ್ಷಿಯಂ ಕಾರ್ಬೊನೇಟ್ 1.956 ಗ್ರಾಂ, ಮ್ಯಾಂಗನೀಸ್ ಡೈಆಕ್ಸೈಡ್ 3.839 ಗ್ರಾಂ. ಲೆಕ್ಕ ನೀವೂ ಒಂದ್ಸಲ ಮಾಡಿ ನೋಡ್ಕೊಳ್ರಿ, ಮಾಲಿಕ್ಯುಲರ್ ವೇಟ್ 325.81, 147.63, 86.94. ಪೌಡರ್ ಪ್ಯೂರಿಟಿ 99.9ಕ್ಕಿಂತ ಕಮ್ಮಿ ಬೇಡ.

ಲ್ಯಾಂಥನಮ್ ಆಕ್ಸೈಡ್ ಡಬ್ಬಿ ತೆಗೆದು ನೇರ ತೂಗಬೇಡ್ರಿ. ಅದು ಗಾಳೀಲಿರೋ ತೇವ ಹೀರಿಕೊಂಡು ಹೈಡ್ರಾಕ್ಸೈಡ್ ಆಗ್ತದೆ, ಕಾರ್ಬನ್ ಡೈಆಕ್ಸೈಡನ್ನೂ ಹಿಡಿತದೆ. ಜುಲೈನಲ್ಲಿ ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿದಾಗ ಡಬ್ಬಿ ಮುಚ್ಚಳ ಸಡಿಲ ಇದ್ರಂತೂ ಮುಗೀತು. ಪೂರ್ತಿ ಹೈಡ್ರಾಕ್ಸೈಡ್ ಆಗಿದ್ರೆ ನೀವು 5.036 ಗ್ರಾಂ ಅಂತ ತೂಗಿದ್ದರಲ್ಲಿ ನಿಜವಾದ ಆಕ್ಸೈಡ್ ಇರೋದು ಬರೀ 4.32 ಗ್ರಾಂ, ಅಂದ್ರೆ ಲ್ಯಾಂಥನಮ್ 14 ಪರ್ಸೆಂಟ್ ಖೋತಾ. ಬ್ಯಾಲೆನ್ಸ್‌ನ ನಾಲ್ಕನೇ ಡೆಸಿಮಲ್ ನೋಡ್ಕೊಂಡು ಕೂತ್ರೆ ಏನು ಬಂತು ಆಗ? ಅದಕ್ಕೆ ಹಿಂದಿನ ರಾತ್ರಿ 900-1000 ಡಿಗ್ರಿಯಲ್ಲಿ ಕೆಲವು ಗಂಟೆ ಸುಟ್ಟು, ಇಳಿಯೋವಾಗ ಇನ್ನೂ ಬಿಸಿ ಇದ್ದಾಗಲೇ ಡೆಸಿಕೇಟರ್‌ಗೆ ಹಾಕಿ, ತಣ್ಣಗಾದ ತಕ್ಷಣ ತೂಗ್ರಿ. ಸ್ಟ್ರಾನ್ಷಿಯಂ ಕಾರ್ಬೊನೇಟ್‌ನ 200 ಡಿಗ್ರಿಯಲ್ಲಿ ಒಣಗಿಸಿದ್ರೆ ಸಾಕು.

ಅಗೇಟ್ ಮಾರ್ಟರ್‌ನಲ್ಲಿ ಅಸಿಟೋನ್ ಹಾಕ್ಕೊಂಡು ಕೈ ನೋಯೋ ತನಕ ಅರೀರಿ, ಒಂದು ಗಂಟೆ ಅಂದ್ರೆ ಒಂದು ಗಂಟೆ. 1000 ಡಿಗ್ರಿಯಲ್ಲಿ 12 ಗಂಟೆ ಕ್ಯಾಲ್ಸಿನೇಷನ್ (ಪೌಡರ್‌ಗಳು ಒಂದಕ್ಕೊಂದು ಬೆರೆತು ಹೊಸ ವಸ್ತು ಆಗೋಕೆ ಸುಡೋದು), ಮತ್ತೆ ಅರೆಯೋದು, 1150-1200ರಲ್ಲಿ ಇನ್ನೊಂದು ಸುತ್ತು, ಆಮೇಲೆ ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡೋ ಪರೀಕ್ಷೆ) ತೆಗೆಸಿ ಬೇರೆ ಫೇಸ್‌ನ ಪೀಕ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ರಿ. ಎರಡು ಮೂರು ಹನಿ ಪಿವಿಎ ಬೈಂಡರ್ ಸೇರಿಸಿ ಒಂದಿಂಚಿನ ಡೈನಲ್ಲಿ ಹೈಡ್ರಾಲಿಕ್ ಪ್ರೆಸ್‌ನಿಂದ ಒತ್ತಿ, ಪ್ರೆಷರ್‌ನ ಸರ್ರಂತ ಬಿಡದೆ ನಿಧಾನಕ್ಕೆ ಇಳಿಸ್ರಿ, ಇಲ್ಲಾಂದ್ರೆ ಬಿಲ್ಲೆ ಅಡ್ಡಡ್ಡ ಪದರ ಬಿಡ್ತದೆ. ಸಿಂಟರಿಂಗ್ (ಬಿಲ್ಲೆ ಗಟ್ಟಿಯಾಗೋಕೆ ಸುಡೋದು) 1300 ಡಿಗ್ರಿ, 12ರಿಂದ 24 ಗಂಟೆ, ಏರೋದು ಇಳಿಯೋದು ನಿಮಿಷಕ್ಕೆ 3 ಡಿಗ್ರಿ, ಮಧ್ಯೆ 500ರ ಹತ್ರ ಬೈಂಡರ್ ಸುಟ್ಟುಹೋಗೋಕೆ ಒಂದು ಗಂಟೆ ನಿಲ್ಲಿಸ್ರಿ.

ಕರೆಂಟ್ ವಿಷ್ಯ ಗೊತ್ತಲ್ಲ. ಫರ್ನೇಸ್‌ನ ಯುಪಿಎಸ್ ಮೇಲೆ ಓಡಿಸೋಕಾಗಲ್ಲ, ಆದ್ರೆ ಕಂಟ್ರೋಲರ್‌ಗೆ ಮಾತ್ರ ಸಣ್ಣ ಯುಪಿಎಸ್ ಕೊಡಿಸಬಹುದು, ಇಲ್ಲಾ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಪವರ್ ಹೋಗಿ ಬಂದಾಗ ನಿಂತಲ್ಲಿಂದ್ಲೇ ಶುರು ಆಗೋ ಆಪ್ಷನ್ ಇರ್ತದೆ, ಅದನ್ನ ಆನ್ ಮಾಡಿಟ್ಕೊಳ್ರಿ. ಕರೆಂಟ್ ಹೋದಾಗ ಬಾಗಿಲು ತೆಗೆದು ಇಣುಕೋದು ಮಾತ್ರ ಬೇಡ, ಮುಚ್ಚಿದ ಫರ್ನೇಸ್ ತಾನಾಗೇ ನಿಧಾನ ಇಳಿದ್ರೆ ಬಿಲ್ಲೆಗೆ ಏನೂ ಆಗಲ್ಲ.

ಹೊರಗೆ ಬಂದ ಬಿಲ್ಲೆನ ವರ್ನಿಯರ್‌ನಲ್ಲಿ ಅಳೆದು ತೂಗ್ರಿ. ಉದಾಹರಣೆಗೆ ವ್ಯಾಸ 22 ಮಿಲಿಮೀಟರ್, ದಪ್ಪ 4.1, ತೂಕ 9.3 ಗ್ರಾಂ ಅಂದ್ಕೊಳ್ರಿ. ವಾಲ್ಯೂಮ್ 1.56 ಸಿಸಿ, ಡೆನ್ಸಿಟಿ 5.97. ಸೈದ್ಧಾಂತಿಕ ಡೆನ್ಸಿಟಿ ಸುಮಾರು 6.45, ಹಂಗಾದ್ರೆ ನಿಮ್ಮ ಟಾರ್ಗೆಟ್ 92-93 ಪರ್ಸೆಂಟ್. ಇದು ಒಳ್ಳೇ ಟಾರ್ಗೆಟ್. 80ರ ಹತ್ರ ಇದ್ರೆ ಮತ್ತೆ ಅರೆದು ಮತ್ತೆ ಒತ್ತಿ ಸುಡ್ರಿ, ಬೇಜಾರು ಮಾಡ್ಕೋಬೇಡ್ರಿ, ಯಾಕಂದ್ರೆ ಟೊಳ್ಳು ಟಾರ್ಗೆಟ್ ಮೇಲೆ ಲೇಸರ್ ಬಿದ್ದಾಗ ತುಣುಕುಗಳೇ ಕಿತ್ಕೊಂಡು ಹಾರಿ ಫಿಲ್ಮ್ ಮೇಲೆ ಮೈಕ್ರಾನ್ ಸೈಜಿನ ಗುಳ್ಳೆ ಗುಳ್ಳೆ ಆಗಿ ಕೂರ್ತವೆ, ಆಮೇಲೆ ಅದನ್ನ ತೆಗೆಯೋ ದಾರೀನೇ ಇಲ್ಲ.

ಸ್ಲಾಟ್ ಎಲ್ಲಿ ಕೇಳೋದು

ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಬೇರೆ ಬೇರೆ ಸಂಸ್ಥೆಗಳ ಉಪಕರಣಗಳು ಲಿಸ್ಟ್ ಆಗಿದಾವೆ, ಅಲ್ಲಿ ಹುಡುಕ್ರಿ. ಇಂದೋರಿನ ಯುಜಿಸಿ-ಡಿಎಇ ಕನ್ಸೋರ್ಷಿಯಂ ಇರೋದೇ ಯೂನಿವರ್ಸಿಟಿಗಳಿಗೋಸ್ಕರ, ಪಿಎಲ್‌ಡಿ ಅಲ್ಲಿದೆ. ಅರ್ಜಿಯಲ್ಲಿ ಟಾರ್ಗೆಟ್‌ನ ಎಕ್ಸ್‌ಆರ್‌ಡಿ, ಡೆನ್ಸಿಟಿ ಲೆಕ್ಕ ಎರಡನ್ನೂ ಲಗತ್ತಿಸಿದ್ರೆ ನೀವು ತಯಾರಾಗಿ ಬರ್ತಿದೀರಿ ಅಂತ ಅವರಿಗೂ ಗೊತ್ತಾಗ್ತದೆ. ಟಾರ್ಗೆಟ್ ಹೋಲ್ಡರ್ ಸೈಜ್ ಮೊದ್ಲೇ ಮೇಲ್ ಮಾಡಿ ಕೇಳ್ಕೊಳ್ರಿ, ಅಲ್ಲಿಗೆ ಹೋದ ಮೇಲೆ ಬಿಲ್ಲೆ ಕೂರ್ತಿಲ್ಲ ಅಂದ್ರೆ ಕಷ್ಟ. ಬಿಲ್ಲೆನ ಬಟರ್ ಪೇಪರ್‌ನಲ್ಲಿ ಸುತ್ತಿ ಸಿಲಿಕಾ ಜೆಲ್ ಇರೋ ಗಟ್ಟಿ ಡಬ್ಬೀಲಿಟ್ಟು ಕೈಚೀಲದಲ್ಲೇ ಇಟ್ಕೊಳ್ರಿ, ಬಸ್ಸಿನ ಡಿಕ್ಕಿಗೆ ಹಾಕಬೇಡ್ರಿ.

ಸಬ್‌ಸ್ಟ್ರೇಟ್ ತೊಳೆದು ಅಂಟಿಸೋದು

ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಡಿಐ ವಾಟರ್ (ಅಯಾನು ತೆಗೆದ ಶುದ್ಧ ನೀರು), ಒಂದೊಂದ್ರಲ್ಲೂ ಅಲ್ಟ್ರಾಸೋನಿಕ್‌ನಲ್ಲಿ ಐದೈದು ನಿಮಿಷ, ಆಮೇಲೆ ನೈಟ್ರೋಜನ್ ಊದಿ ಒಣಗಿಸೋದು. ಊರಲ್ಲೇ ತೊಳೆದು ಅಭ್ಯಾಸ ಮಾಡೋದಾದ್ರೆ ಕೊನೇ ತೊಳೆತಕ್ಕೆ ಬೋರ್ ನೀರು ತಾಗಿಸಬೇಡ್ರಿ, ನಮ್ಮ ದುರ್ಗ-ದಾವಣಗೆರೆ ಬೋರ್ ನೀರಿನ ಗಡಸುತನಕ್ಕೆ ಒಣಗಿದ ಮೇಲೆ ಬಿಳಿ ಕಲೆ ಉಳಿತದೆ. ಸಬ್‌ಸ್ಟ್ರೇಟ್ ಮೇಲ್ಮೈನ ಅಣು ಮಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡೋಕೆ ಹೈಡ್ರೋಫ್ಲೋರಿಕ್ ಆಸಿಡ್ ಬಳಸ್ತಾರೆ ಅಂತ ಓದಿರ್ತೀರಿ. ಟ್ರೇನಿಂಗ್ ಇಲ್ಲದೆ, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲಿ ಇಲ್ಲದೆ ಆ ಆಸಿಡ್ ಹತ್ರ ಹೋಗ್ಲೇಬೇಡ್ರಿ, ಚರ್ಮದೊಳಗೆ ಇಳಿದು ಮೂಳೆವರೆಗೂ ಹೋಗೋ ಆಸಿಡ್ ಅದು. ಮೊದಲ ಫಿಲ್ಮ್‌ಗೆ ಅದು ಬೇಕಾಗೂ ಇಲ್ಲ.

ಹೀಟರ್ ಪ್ಲೇಟ್‌ಗೆ ಸಿಲ್ವರ್ ಪೇಸ್ಟ್‌ನಿಂದ ಅಂಟಿಸ್ಬೇಕು. ತೆಳ್ಳಗೆ, ಸಮನಾಗಿ, ಸಬ್‌ಸ್ಟ್ರೇಟ್ ಅಂಚಿಂದ ಹೊರಗೆ ಉಕ್ಕದ ಹಂಗೆ. ಉಕ್ಕಿ ಮೇಲ್ಗಡೆ ಬಂದ್ರೆ ಆಮೇಲೆ ರೆಸಿಸ್ಟೆನ್ಸ್ ಅಳೆಯೋವಾಗ ನೀವು ಅಳೆಯೋದು ಬೆಳ್ಳೀನ. 100-120 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ ಆಮೇಲೆ ಪಂಪ್ ಹಾಕ್ರಿ, ಹಸಿ ಇದ್ದಾಗ ಪಂಪ್ ಮಾಡಿದ್ರೆ ಸಾಲ್ವೆಂಟ್ ಗುಳ್ಳೆ ಎದ್ದು ಒಂದು ಮೂಲೆ ಮೇಲೆದ್ದಿರ್ತದೆ, ಆ ಮೂಲೆ ಮಿಕ್ಕ ಭಾಗಕ್ಕಿಂತ ತಣ್ಣಗೇ ಉಳಿತದೆ.

ಪಂಪಿಂಗ್, ಬಿಸಿ ಮಾಡೋದು

ಮೊದ್ಲು ರೋಟರಿ ಅಥವಾ ಸ್ಕ್ರೋಲ್ ಪಂಪ್‌ನಿಂದ 10ರ ಘಾತ ಮೈನಸ್ 2 ಮಿಲಿಬಾರ್ ತನಕ, ಆಮೇಲೆ ಟರ್ಬೊ, ಬೇಸ್ ಪ್ರೆಷರ್ ಮೈನಸ್ 6ರ ರೇಂಜ್‌ಗೆ ಬರ್ಬೇಕು. ವಾಲ್ವ್ ತೆಗೆಯೋದು ಮುಚ್ಚೋದು ಆಪರೇಟರ್ ಹೇಳಿದ ಕ್ರಮದಲ್ಲೇ ಮಾಡ್ರಿ, ಪೂರ್ತಿ ಸ್ಪೀಡಿನಲ್ಲಿ ಓಡ್ತಿರೋ ಟರ್ಬೊಗೆ ಏಕಾಏಕಿ ಗಾಳಿ ನುಗ್ಗಿದ್ರೆ ಬ್ಲೇಡ್ ಉಳಿಯಲ್ಲ.

ಇಲ್ಲೊಂದು ಸೂಕ್ಷ್ಮ ಐತೆ. ಬೇಸ್ ಪ್ರೆಷರ್ ಬಂತು ಅಂತ ಹೈ ವ್ಯಾಕ್ಯೂಮ್‌ನಲ್ಲೇ 700-750ಕ್ಕೆ ಏರಿಸಿಬಿಟ್ರೆ ಸ್ಟ್ರಾನ್ಷಿಯಂ ಟೈಟನೇಟ್ ಆಕ್ಸಿಜನ್ ಕಳ್ಕೊಂಡು ತಾನೇ ಕಂಡಕ್ಟರ್ ಆಗಿಬಿಡ್ತದೆ, ಬಣ್ಣಾನೂ ಕಪ್ಪಿಡ್ತದೆ. ಆಮೇಲೆ ನಿಮ್ಮ ಫಿಲ್ಮ್ ರೆಸಿಸ್ಟೆನ್ಸ್ ಬಹಳ ಕಮ್ಮಿ ಬಂತು ಅಂತ ಖುಷಿ ಪಟ್ರೆ ಅದು ಸಬ್‌ಸ್ಟ್ರೇಟ್‌ದು. ಅದಕ್ಕೆ 300 ಡಿಗ್ರಿ ದಾಟೋ ಮೊದ್ಲೇ ಆಕ್ಸಿಜನ್ ಬಿಟ್ಟು ಸುಮಾರು 0.2 ಮಿಲಿಬಾರ್‌ಗೆ ಸೆಟ್ ಮಾಡಿ, ಆಮೇಲೆ ನಿಮಿಷಕ್ಕೆ 15-20 ಡಿಗ್ರಿಯಂತೆ ಏರಿಸ್ರಿ. ಈ ಪ್ರೆಷರ್‌ನಲ್ಲಿ ಗೇಟ್ ವಾಲ್ವ್ ಎಷ್ಟು ತೆರೆದಿರಬೇಕು ಅನ್ನೋದೂ ಆಪರೇಟರ್‌ನ ಕೇಳೇ ಮಾಡ್ರಿ.

ಥರ್ಮೋಕಪಲ್ ಇರೋದು ಹೀಟರ್ ಬ್ಲಾಕ್ ಒಳಗೆ, ಫಿಲ್ಮ್ ಬೆಳೆಯೋದು ಸಬ್‌ಸ್ಟ್ರೇಟ್ ಮೇಲ್ಮೈಲಿ. ಎರಡರ ಮಧ್ಯೆ 50-100 ಡಿಗ್ರಿ ವ್ಯತ್ಯಾಸ ಮಾಮೂಲು. ಪೈರೋಮೀಟರ್ (ಮುಟ್ಟದೆ, ಬೆಳಕಿಂದ ತಾಪಮಾನ ಓದೋ ಉಪಕರಣ) ಇದ್ರೆ ಅದರಲ್ಲೂ ಓದಿ ಎರಡೂ ನಂಬರ್ ಬರ್ಕೊಳ್ರಿ, ಅದರಲ್ಲಿ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸ್ತದೆ ಅನ್ನೋ ನಂಬರ್) ಎಷ್ಟು ಇಟ್ಟಿದ್ರಿ ಅನ್ನೋದನ್ನೂ ಸೇರಿಸಿ. ಶುರುವಿಗೆ ಮೇಲ್ಮೈ 700-750 ಡಿಗ್ರಿ ಸಾಕು.

ಲೇಸರ್: ಎನರ್ಜಿನ ಎಲ್ಲಿ ಅಳೀತೀರಿ

ಸಾಮಾನ್ಯವಾಗಿ ಸಿಗೋದು ಕ್ರಿಪ್ಟಾನ್ ಫ್ಲೋರೈಡ್ ಎಕ್ಸೈಮರ್, 248 ನ್ಯಾನೋಮೀಟರ್. ಕೆಲವು ಕಡೆ ಎನ್‌ಡಿ-ಯಾಗ್‌ನ ನಾಲ್ಕನೇ ಹಾರ್ಮೋನಿಕ್ 266 ಇರ್ತದೆ. ಎರಡೂ ಕಣ್ಣಿಗೆ ಕಾಣಲ್ಲ, ಅದೇ ಅಪಾಯ. ಆ ವೇವ್‌ಲೆಂತ್‌ಗೇ ಅಂತ ಬರೆದಿರೋ ಗಾಗಲ್ಸ್ ಹಾಕ್ರಿ, ಉಂಗುರ ವಾಚು ತೆಗೆದಿಡ್ರಿ, ಬೀಮ್ ದಾರಿಯ ಕವರ್ ತೆಗೆದು ಕೈ ಹಾಕಬೇಡ್ರಿ. ಎಕ್ಸೈಮರ್ ಒಳಗೆ ಫ್ಲೋರಿನ್ ಇರೋ ಗ್ಯಾಸ್ ಐತೆ, ಘಾಟು ವಾಸನೆ ಬಂದ್ರೆ ಏನು ಅಂತ ನೋಡೋಕೆ ಹತ್ರ ಹೋಗದೆ ಹೊರಗೆ ಬಂದು ಹೇಳ್ರಿ.

ಈಗ ಲೆಕ್ಕಕ್ಕೆ ಬರೋಣ. ಫಿಲ್ಮ್‌ಗೆ ಲೆಕ್ಕಕ್ಕೆ ಬರೋದು ಫ್ಲುಯೆನ್ಸ್, ಅಂದ್ರೆ ಟಾರ್ಗೆಟ್ ಮೇಲೆ ಚದರ ಸೆಂಟಿಮೀಟರ್‌ಗೆ ಎಷ್ಟು ಜೂಲ್ ಬಿತ್ತು ಅನ್ನೋದು. ಲೇಸರ್ ಡಿಸ್‌ಪ್ಲೇ ಮೇಲೆ 250 ಮಿಲಿಜೂಲ್ ಅಂತಿದ್ರೂ ಮಾಸ್ಕ್‌ನಲ್ಲಿ ಒಂದಷ್ಟು, ಮಿರರ್‌ನಲ್ಲಿ ಒಂದಷ್ಟು, ಲೆನ್ಸ್‌ನಲ್ಲಿ ಒಂದಷ್ಟು ಹೋಗ್ತದೆ, ಕೊನೇದಾಗಿ ಚೇಂಬರ್ ವಿಂಡೋ, ಅದರ ಒಳಮೈಗೆ ಹಿಂದೆ ಮಾಡಿದೋರ ಮೆಟೀರಿಯಲ್ ಎಲ್ಲಾ ಅಂಟ್ಕೊಂಡು ಮಬ್ಬಾಗಿರ್ತದೆ. ಅದಕ್ಕೆ ಪಂಪ್ ಹಾಕೋ ಮೊದ್ಲೇ, ಚೇಂಬರ್ ತೆರೆದಿರೋವಾಗ್ಲೇ ಎನರ್ಜಿ ಮೀಟರ್ ಹೆಡ್ ಒಳಗಿಟ್ಟು ವಿಂಡೋ ದಾಟಿ ಬಂದ ಎನರ್ಜಿ ಅಳೀರಿ. ಆಮೇಲೆ ಟಾರ್ಗೆಟ್ ಜಾಗದಲ್ಲಿ, ಅದೇ 45 ಡಿಗ್ರಿ ಕೋನದಲ್ಲಿ ಬರ್ನ್ ಪೇಪರ್ ಅಂಟಿಸಿ ಒಂದು ಪಲ್ಸ್ ಹೊಡೆದು ಕಲೆಯ ಉದ್ದ ಅಗಲ ಅಳೀರಿ. ಕಲೆ 2×2 ಮಿಲಿಮೀಟರ್ ಇದ್ರೆ 0.04 ಚದರ ಸೆಂಟಿಮೀಟರ್, ನಿಮಗೆ 1.5 ಜೂಲ್ ಫ್ಲುಯೆನ್ಸ್ ಬೇಕಂದ್ರೆ ಒಳಗೆ 60 ಮಿಲಿಜೂಲ್ ಬರ್ಬೇಕು. ಎಲ್‌ಎಸ್‌ಎಂಒಗೆ 1ರಿಂದ 2 ಜೂಲ್ ಮಧ್ಯೆ ಇಟ್ಕೊಳ್ರಿ. ಕಮ್ಮಿ ಆದ್ರೆ ಧಾತುಗಳ ಪ್ರಮಾಣ ಏರುಪೇರು, ಜಾಸ್ತಿ ಆದ್ರೆ ಮತ್ತೆ ಅದೇ ಗುಳ್ಳೆ ಕಾಟ.

ಡಿಪೊಸಿಷನ್

ಟಾರ್ಗೆಟ್‌ನ 600 ಗ್ರೇಡ್ ಎಮೆರಿ ಪೇಪರ್‌ನಲ್ಲಿ ಉಜ್ಜಿ, ಐಪಿಎನಲ್ಲಿ ಒರೆಸಿ ಹಾಕಿರ್ಬೇಕು. ಸಬ್‌ಸ್ಟ್ರೇಟ್ ಮುಂದೆ ಶಟರ್ ಅಡ್ಡ ಇಟ್ಟು, ಟಾರ್ಗೆಟ್ ತಿರುಗಿಸ್ತಾ ಕೆಲವು ನೂರು ಪಲ್ಸ್ ಸುಮ್ನೆ ಹೊಡೀರಿ, ಇದು ಪ್ರಿ-ಅಬ್ಲೇಷನ್. ಟಾರ್ಗೆಟ್ ತಿರುಗದೆ ಒಂದೇ ಜಾಗದಲ್ಲಿ ಹೊಡೀತಿದ್ರೆ ಅಲ್ಲಿ ಸಣ್ಣ ಸಣ್ಣ ಕೋನ್‌ಗಳು ಎದ್ದು ಪ್ಲೂಮ್ (ಚಿಮ್ಮೋ ಪ್ಲಾಸ್ಮಾದ ಜ್ವಾಲೆ) ಲೇಸರ್ ಬರೋ ದಿಕ್ಕಿಗೆ ವಾಲ್ತದೆ.

ಪ್ಲೂಮ್ ನೋಡೋದನ್ನ ಕಲೀರಿ, ಇದು ಯಾವ ಪೇಪರ್‌ನಲ್ಲೂ ನಂಬರ್ ಆಗಿ ಸಿಗಲ್ಲ. ವ್ಯೂಪೋರ್ಟ್‌ನಲ್ಲಿ ನೋಡಿದ್ರೆ ಟಾರ್ಗೆಟ್‌ನಿಂದ ನೆಟ್ಟಗೆ ಎದ್ದು ನಿಂತ ದೀಪದ ಕುಡಿ ಹಂಗೆ ಕಾಣ್ತದೆ, ಬುಡದಲ್ಲಿ ಬೆಳ್ಳಗೆ ಪ್ರಖರ, ತುದಿ ಕಡೆ ಬಣ್ಣ ತೆಳು. ಟಾರ್ಗೆಟ್-ಸಬ್‌ಸ್ಟ್ರೇಟ್ ದೂರ 4-5 ಸೆಂಟಿಮೀಟರ್ ಇದ್ದಾಗ ಆ ತುದಿ ಸಬ್‌ಸ್ಟ್ರೇಟ್‌ನ ಹಿಂಗೆ ಮುಟ್ಟಿಯೂ ಮುಟ್ಟದಂಗೆ ಇರ್ಬೇಕು. ಆಕ್ಸಿಜನ್ ಜಾಸ್ತಿ ಆದ್ರೆ ಪ್ಲೂಮ್ ಗಿಡ್ಡ ಆಗಿ ಅರ್ಧ ದಾರೀಲೇ ನಿಲ್ತದೆ, ಕಮ್ಮಿ ಆದ್ರೆ ಹರಡಿಕೊಂಡು ಸಬ್‌ಸ್ಟ್ರೇಟ್‌ಗೆ ರಭಸವಾಗಿ ಬಡೀತದೆ. ಬಿಟ್ಟ ಬಿಟ್ಟ ಕಿಡಿ ಹಾರ್ತಿದ್ರೆ ಎನರ್ಜಿ ಇಳಿಸ್ರಿ. ಸಾಧ್ಯ ಆದ್ರೆ ಮೊಬೈಲ್‌ನಲ್ಲಿ ಒಂದು ಫೋಟೋ ತಗೊಳ್ರಿ, ಮುಂದಿನ ಸಲ ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೇ ದಾಖಲೆ ಇಲ್ಲ.

ಎಲ್ಲಾ ಸರಿ ಅನಿಸಿದ ಮೇಲೆ ಶಟರ್ ಸರಿಸಿ 2 ಹರ್ಟ್ಸ್‌ನಲ್ಲಿ ಶುರು ಮಾಡ್ರಿ. ಪಲ್ಸ್‌ಗೆ 0.02 ನ್ಯಾನೋಮೀಟರ್ ಅಂತ ಹಿಡಿದ್ರೆ 50 ನ್ಯಾನೋಮೀಟರ್‌ಗೆ 2500 ಪಲ್ಸ್, ಹೆಚ್ಚುಕಮ್ಮಿ 21 ನಿಮಿಷ. ಈ 0.02 ಬರೀ ಅಂದಾಜು, ನಿಮ್ಮ ರೇಟ್ ಎಷ್ಟು ಅನ್ನೋದು ಎಕ್ಸ್‌ಆರ್‌ಆರ್ (ಎಕ್ಸ್‌ರೇ ಪ್ರತಿಫಲನದಿಂದ ದಪ್ಪ ಅಳೆಯೋದು) ಮಾಡಿಸಿದ ಮೇಲೇ ಗೊತ್ತಾಗೋದು.

ಮುಗಿದ ತಕ್ಷಣ ಹೀಟರ್ ಆಫ್ ಮಾಡಿ ಎದ್ದು ಊಟಕ್ಕೆ ಹೋಗಬೇಡ್ರಿ. ಚೇಂಬರ್‌ಗೆ ಕೆಲವು ನೂರು ಮಿಲಿಬಾರ್ ಆಕ್ಸಿಜನ್ ತುಂಬಿಸಿ ನಿಮಿಷಕ್ಕೆ 5-10 ಡಿಗ್ರಿಯಂತೆ ಇಳಿಸ್ಬೇಕು. ಮ್ಯಾಂಗನೈಟ್‌ಗೆ ಆಕ್ಸಿಜನ್ ಕಮ್ಮಿ ಆದ್ರೆ ಕ್ಯೂರಿ ತಾಪಮಾನ ಬೀಳ್ತದೆ, ರೆಸಿಸ್ಟೆನ್ಸ್ ಏರ್ತದೆ. ಅಷ್ಟೆಲ್ಲಾ ಮಾಡಿದ ಕೆಲಸ ಈ ಕೊನೇ ಎರಡು ಗಂಟೇಲಿ ಕೈಬಿಟ್ಟು ಹೋಗೋದು ನೋಡೋಕೆ ಹೊಟ್ಟೆ ಉರೀತದೆ.

ಬಂದಿದೆಯಾ ಇಲ್ವಾ

ಮೊದ್ಲು ಎಕ್ಸ್‌ಆರ್‌ಡಿ. ಕಾಪರ್ ಕೆ-ಆಲ್ಫಾದಲ್ಲಿ ಸಬ್‌ಸ್ಟ್ರೇಟ್‌ನ 002 ಪೀಕ್ 46.5 ಡಿಗ್ರಿಯಲ್ಲಿ ಇರ್ತದೆ, ನಿಮ್ಮ ಫಿಲ್ಮ್‌ದು ಅದರ ಬಲಕ್ಕೆ 47.2ರ ಆಸುಪಾಸು ಕಾಣಬೇಕು, ಯಾಕಂದ್ರೆ ಅಡ್ಡಕ್ಕೆ ಎಳೆದಾಗ ಫಿಲ್ಮ್ ಎತ್ತರದಲ್ಲಿ ಕುಗ್ಗಿ 3.85 ಆಂಗ್‌ಸ್ಟ್ರಾಮ್ ಆಗಿರ್ತದೆ. ಪೀಕ್ ಎಡಕ್ಕೆ ಸರಿದು ಸಬ್‌ಸ್ಟ್ರೇಟ್ ಪೀಕ್ ಒಳಗೆ ಸೇರ್ಕೊಳ್ತಿದ್ರೆ ಮೊದಲ ಅನುಮಾನ ಆಕ್ಸಿಜನ್ ಮೇಲೆ ಇರ್ಲಿ. ಪೀಕ್ ಅಕ್ಕಪಕ್ಕ ಸಣ್ಣ ಅಲೆಗಳು ಕಂಡ್ರೆ ಫಿಲ್ಮ್ ಸಮನಾಗಿ, ನಯವಾಗಿ ಬಂದಿದೆ ಅಂತ ಅರ್ಥ, ಆ ಅಲೆಗಳ ಅಂತರದಿಂದ ದಪ್ಪಾನೂ ಲೆಕ್ಕ ಹಾಕ್ಬಹುದು.

ಆಮೇಲೆ ಫೋರ್ ಪ್ರೋಬ್. 50 ನ್ಯಾನೋಮೀಟರ್ ಫಿಲ್ಮ್‌ಗೆ ರೂಮ್ ಟೆಂಪರೇಚರ್‌ನಲ್ಲಿ ಶೀಟ್ ರೆಸಿಸ್ಟೆನ್ಸ್ ನೂರಾರು ಓಂ ಬರ್ಬೇಕು, ಕಿಲೋ ಓಂಗಟ್ಟಲೆ ಹೋದ್ರೆ ಏನೋ ಕೊರತೆ ಐತೆ. ಬಿಸಿ ಮಾಡ್ತಾ ಹೋದಂಗೆ ರೆಸಿಸ್ಟೆನ್ಸ್ ಏರಿ, 350-370 ಕೆಲ್ವಿನ್ ಹತ್ರ, ಅಂದ್ರೆ 80-95 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಏರಿಕೆ ಮುರಿದು ಸಪಾಟಾಗೋದೋ ತಿರುಗೋದೋ ಕಾಣ್ತದೆ. ಕೆಳಗಿನ ಭಾಗಾನೂ ಅಳೀಬೇಕು ಅಂದ್ರೆ 77 ಕೆಲ್ವಿನ್‌ನ ಲಿಕ್ವಿಡ್ ನೈಟ್ರೋಜನ್ ಬೇಕು, ಅದು ಹಳ್ಳಿ ಕಡೆಯೋರಿಗೂ ಹೊಸದೇನಲ್ಲ, ದನದ ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ವೀರ್ಯದ ಸ್ಟ್ರಾಗಳನ್ನ ಇಡೋದು ಇದೇ ನೈಟ್ರೋಜನ್ ಕ್ಯಾನ್‌ನಲ್ಲಿ. ಸಪ್ಲೈ ಎಲ್ಲಿಂದ ಬರ್ತದೆ ಅಂತ ಅಲ್ಲಿ ವಿಚಾರಿಸಿದ್ರೆ ದಾರಿ ಸಿಗ್ತದೆ. ಕ್ಯಾನ್ ಬಾಯಿ ಗಾಳಿಯಾಡದಂಗೆ ಬಿಗಿಯಬೇಡ್ರಿ, ಕಿಟಕಿ ತೆಗೆದಿರೋ ರೂಮಲ್ಲೇ ಸುರೀರಿ.

ಎರಡನೇ ಫಿಲ್ಮ್‌ಗೆ ಹೋಗೋವಾಗ ಒಂದೇ ಒಂದನ್ನ ಬದಲಾಯಿಸ್ರಿ, ಟೆಂಪರೇಚರ್ ಇಲ್ಲಾ ಪ್ರೆಷರ್ ಇಲ್ಲಾ ಫ್ಲುಯೆನ್ಸ್. ಸ್ಲಾಟ್ ಕಮ್ಮಿ ಇದೆ ಅಂತ ಮೂರನ್ನೂ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಏನಾಯ್ತು ಅಂತ ಬಿಡಿಸೋಕಾಗಲ್ಲ. ನನ್ನ ಕೇಳಿದ್ರೆ ಮೊದ್ಲು ಆಕ್ಸಿಜನ್ ಪ್ರೆಷರ್ ಮುಟ್ರಿ, 0.1, 0.2, 0.3 ಮಿಲಿಬಾರ್ ಅಂತ ಮೂರು ಫಿಲ್ಮ್, ಬೇರೆಲ್ಲಾ ಹಂಗೇ ಇರ್ಲಿ. ಪ್ರತಿ ಫಿಲ್ಮ್‌ಗೂ ಒಂದು ಪುಟ ಇಟ್ಟು ವಿಂಡೋ ಒಳಗಿನ ಎನರ್ಜಿ, ಕಲೆಯ ಸೈಜ್, ಥರ್ಮೋಕಪಲ್ ಮತ್ತು ಪೈರೋಮೀಟರ್, ದೂರ, ಪಲ್ಸ್ ಸಂಖ್ಯೆ, ತಣಿಸಿದ ಪ್ರೆಷರ್, ಟಾರ್ಗೆಟ್‌ನ ಎಷ್ಟನೇ ಸಲ ಉಜ್ಜಿದ್ದು ಅನ್ನೋದೆಲ್ಲಾ ಅಲ್ಲೇ, ಆವಾಗ್ಲೇ ಬರೀರಿ. ಕೆಲಸ ಮುಗಿದ ಮೇಲೆ ಟಾರ್ಗೆಟ್‌ನ ಡೆಸಿಕೇಟರ್‌ಗೆ ವಾಪಸ್ ಹಾಕಿ ಹಿಂಬದಿಗೆ ಪೆನ್ಸಿಲ್‌ನಲ್ಲಿ ಕಾಂಪೊಸಿಷನ್ನು, ತಾರೀಕು ಗುರುತು ಮಾಡ್ರಿ, ಚೆನ್ನಾಗಿ ನೋಡ್ಕೊಂಡ್ರೆ ಆ ಒಂದು ಬಿಲ್ಲೆ ನಿಮ್ಮ ನಂತರದ ಬ್ಯಾಚಿನ ಹುಡುಗ್ರಿಗೂ ಆಗ್ತದೆ.